ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ: ಒಂದು ವಾರದ ಮಾತು



ನಮ್ಮ ಮಾಸಪತ್ರಿಕೆಯಲ್ಲಿ ಬರುವ ಸಮ್ಮೇದ ಶಿಖರಜಿ, ಗಿರನಾರ್, ಪಾವಾಪುರಿ ಯಾತ್ರೆಗಳ ಲೇಖನಗಳನ್ನು ಓದಿ ಸಂತೋಷಪಟ್ಟವನು ನಾನು, ಬರೆದವನಲ್ಲ. ಹಿಂದೂಪುರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಿ. ಮೆಟ್ರಿಕ್ ಪಾಸಾದ ಮರುವರ್ಷವೇ ತಂದೆಯವರು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರು. ಅಲ್ಲಿಂದೀಚೆಗೆ ನನ್ನ ಕೈಯಿಂದ ಬರೆದದ್ದೆಂದರೆ ಬಿಲ್ಲು, ಖಾತೆ ಮತ್ತು ಬಾಕಿ ಕೇಳುವ ಕಾಗದ. ಅರವತ್ತೇಳನೆಯ ವಯಸ್ಸಿನಲ್ಲಿ ಲೇಖನ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಳೆದ ತಿಂಗಳ ಒಂದು ವಾರ ಕಾರಣ. ದೊಡ್ಡ ಸಂಗತಿ ಯಾವುದೂ ನಡೆಯಲಿಲ್ಲ. ದೂರದ ಕ್ಷೇತ್ರಕ್ಕೂ ಹೋಗಲಿಲ್ಲ. ಹೋದದ್ದು ಲೇಪಾಕ್ಷಿಗೆ ಮತ್ತು ಕಲ್ಯಾಣದುರ್ಗದ ನಮ್ಮಕ್ಕನ ಮನೆಗೆ, ಅಷ್ಟೆ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಕಸ ಹೊಡೆಸುತ್ತಿದ್ದಾಗ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಬಂದಳು. ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಲೇಪಾಕ್ಷಿ ಬಸ್ ತಪ್ಪಿತಂತೆ, ಮುಂದಿನದು ಬರುವವರೆಗೆ ಊರು ನೋಡುತ್ತಾ ಬಂದಳಂತೆ. ಅಟ್ಟದ ಮೇಲೆ ನೇತು ಹಾಕಿದ್ದ ಹಿತ್ತಾಳೆ ಕೊಳಗವನ್ನು ನೋಡಿ, "ಇದಕ್ಕೆ ಏನೆನ್ನುತ್ತಾರೆ ಸಾರ್?" ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು. ಕೊಳ್ಳದವರು ಹೆಸರು ಕೇಳಿ ಬರೆದುಕೊಳ್ಳುವುದು ನಮ್ಮ ಅಂಗಡಿಯಲ್ಲಿ ಹೊಸದು. ಏನು ಕೆಲಸ ತಾಯಿ ನಿನ್ನದು ಎಂದೆ. "ನಾನು ಫ್ರೀಲ್ಯಾನ್ಸ್ ಟ್ರಾವೆಲ್ ರೈಟರ್" ಎಂದಳು.

ಫ್ರೀ ಎಂಬುದು ನನಗೆ ಗೊತ್ತಿರುವ ಇಂಗ್ಲಿಷು. ಕುಕ್ಕರ್ ಕೊಂಡರೆ ಸೌಟು ಫ್ರೀ. ಪಾಪ, ಪುಕ್ಕಟೆ ಬರೆಯುವವಳು ಎಂದುಕೊಂಡು ಸ್ಟೂಲ್ ಹಾಕಿ ಕೂರಿಸಿದೆ. ಅವಳು ನಕ್ಕು ಬಿಡಿಸಿ ಹೇಳಿದಳು. ಲ್ಯಾನ್ಸ್ ಎಂದರೆ ಭರ್ಜಿ. ಯಾವ ರಾಜನಿಗೂ ಕಾಯಂ ಆಳಾಗಿರದೆ, ಸಂಬಳ ಕೊಟ್ಟವರ ಪರವಾಗಿ ಯುದ್ಧ ಮಾಡುವ ಭರ್ಜಿಯವನಿಗೆ ಆ ಹೆಸರಂತೆ. ವಾಲ್ಟರ್ ಸ್ಕಾಟ್ ಎಂಬ ಕಾದಂಬರಿಕಾರ 1819ರಲ್ಲಿ ಬಂದ ತನ್ನ 'ಐವನ್‌ಹೋ'ದಲ್ಲಿ ಈ ಮಾತನ್ನು ಬಳಸಿದ ಮೇಲೆ ಅದು ಬಳಕೆಗೆ ಬಂತಂತೆ. ಈಗ ಒಂದೇ ಪತ್ರಿಕೆಯ ನೌಕರಿಯಲ್ಲಿರದೆ, ಒಪ್ಪಿದವರಿಗೆ ಬಿಡಿಬಿಡಿಯಾಗಿ ಬರೆದುಕೊಟ್ಟು ಸಂಭಾವನೆ ಪಡೆಯುವವರಿಗೆ ಹಾಗೆನ್ನುತ್ತಾರೆ.

ಹಾಗಾದರೆ ನಮ್ಮ ಊರನ್ನು ಕಟ್ಟಿದವನೂ ಅದೇ ಕಸುಬಿನವನು ಎಂದೆ ನಾನು. ಗುತ್ತಿಯ ಮುರಾರಿರಾವ್ ಘೋರ್ಪಡೆ ತನ್ನ ತಂದೆ ಹಿಂದೂರಾಯನ ಹೆಸರಿನಲ್ಲಿ ಹಿಂದೂಪುರವನ್ನು ಕಟ್ಟಿಸಿದನೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆ ಮರಾಠಾ ಸರದಾರ ಹದಿನೆಂಟನೆಯ ಶತಮಾನದ ಕರ್ನಾಟಕ ಯುದ್ಧಗಳಲ್ಲಿ ಒಮ್ಮೆ ಫ್ರೆಂಚರ ಕಡೆ, ಒಮ್ಮೆ ಇಂಗ್ಲಿಷರ ಕಡೆ ಕುದುರೆ ಓಡಿಸಿದವನು. ಆ ಮಗು ಅದನ್ನೂ ಬರೆದುಕೊಂಡಿತು.

ಆಮೇಲೆ ನಾನು ವ್ಯಾಪಾರಿಯ ಪ್ರಶ್ನೆಗಳನ್ನು ಕೇಳಿದೆ. ಬಸ್ ಚಾರ್ಜು ಯಾರದು? ಸಾಮಾನ್ಯವಾಗಿ ಅವಳದೇ. ಹಣ ಯಾವಾಗ? ಕೆಲವರು ಲೇಖನ ಒಪ್ಪಿದ ಮೇಲೆ, ಬಹಳ ಜನ ಅಚ್ಚಾದ ಮೇಲೆ, ಅದೂ ಒಂದೆರಡು ತಿಂಗಳು ಬಿಟ್ಟು. ಮಾಲು ವಾಪಸು ಬಂದರೆ? ಬೇರೆ ಕಡೆ ಕಳಿಸಬೇಕು. ಆದರೆ ಒಂದೇ ಮಾಲನ್ನು ಒಂದೇ ಸಲ ಇಬ್ಬರಿಗೆ ಕಳಿಸಬಾರದು. ಹಾಗೆ ಮಾಡಿದವರನ್ನು ಸಂಪಾದಕರು ಮುಂದೆ ನಂಬುವುದಿಲ್ಲ. ಅದಕ್ಕೇ ಹೊರಡುವ ಮೊದಲೇ 'ಇಂಥ ಊರಿನ ಬಗ್ಗೆ ಇಂಥ ವಿಷಯ ಬರೆಯುತ್ತೇನೆ, ಬೇಕೇ' ಎಂದು ಅರ್ಧ ಪುಟ ಬರೆದು ಕೇಳುತ್ತಾರಂತೆ. ನಾವು ಮೊರಾದಾಬಾದಿನ ಹಿತ್ತಾಳೆಗೆ ಮೊದಲು ಸ್ಯಾಂಪಲ್ ತರಿಸುವ ಹಾಗೆ ಎಂದುಕೊಂಡೆ. ಒಟ್ಟಿನಲ್ಲಿ ಉದ್ರಿ ವ್ಯಾಪಾರ. ಇದರಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದರೆ, ತುಂಬುವುದಿಲ್ಲ, ಅನುವಾದದ ಕೆಲಸವನ್ನೂ ಮಾಡುತ್ತೇನೆ ಎಂದಳು. ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಯಾರಾದರೂ ಹೋಟೆಲಿನವರು ಪುಕ್ಕಟೆ ಊಟ ವಸತಿ ಕೊಟ್ಟರೆ ಅದನ್ನು ಸಂಪಾದಕರಿಗೆ ಹೇಳಿಬಿಡಬೇಕು, ಓದುಗರಿಗೂ ತಿಳಿಸಬೇಕು, ಇಲ್ಲವಾದರೆ ಅದು ಬರಹವಲ್ಲ ಜಾಹೀರಾತು ಎಂದಳು. ಮತ್ತೆ, ಕಂಡದ್ದನ್ನು ಅಲ್ಲೇ ಬರೆದುಕೊಳ್ಳಬೇಕಂತೆ. ಸಾಯಂಕಾಲದ ಹೊತ್ತಿಗೆ ನೆನಪು ತನ್ನಷ್ಟಕ್ಕೆ ಬೆಲ್ಲ ಬೆರೆಸಿಬಿಡುತ್ತದಂತೆ.

ಏಳುವ ಮುಂಚೆ ಅವಳು ಕೇಳಿದಳು: "ಸಾರ್, ನೀವು ಕಲ್ಯಾಣದುರ್ಗಕ್ಕೆ ನಲವತ್ತು ವರ್ಷದಿಂದ ಓಡಾಡುತ್ತೀನಿ ಅಂದಿರಲ್ಲ, ಆ ದಾರಿಯಲ್ಲಿ ಏನೇನಿದೆ?"

ಬಾಯಿ ತೆರೆದೆ. ಮಡಕಶಿರಾ, ಪಾವಗಡ, ಕಂಬದೂರು, ಕಲ್ಯಾಣದುರ್ಗ ಎಂದೆ. ಮುಂದೆ ಮಾತು ಬರಲಿಲ್ಲ. ಮಡಕಶಿರಾ ಎಂದರೆ ಹಬ್ಬಕ್ಕೆ ಮುಂಚೆ ಹಣ ಕಳಿಸುವ ಅಂಗಡಿ, ಪಾವಗಡ ಎಂದರೆ ಸತಾಯಿಸುವ ಅಂಗಡಿ, ಹೀಗೆಯೇ ನನ್ನ ತಲೆಯಲ್ಲಿದ್ದದ್ದು. ಒಂದು ಮರವನ್ನಾಗಲಿ, ಕೆರೆಯನ್ನಾಗಲಿ ಹೇಳಲು ಆಗಲಿಲ್ಲ. ಅವಳು ಏನೂ ಅನ್ನದೆ ನಮಸ್ಕಾರ ಮಾಡಿ ಬಸ್ಸಿಗೆ ಹೋದಳು. ನನಗೆ ಇಡೀ ದಿನ ಸಂಕೋಚವಾಯಿತು.

ಮಂಗಳವಾರ ಹೇಳುವಂಥದ್ದೇನಿಲ್ಲ. ರಾತ್ರಿ ಕಪಾಟಿನಿಂದ 'ಅಮೆರಿಕಾದಲ್ಲಿ ಗೊರೂರು' ತೆಗೆದು ಹತ್ತಿಪ್ಪತ್ತು ಪುಟ ಓದಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ, ಈ ಪುಸ್ತಕ ಬಂದದ್ದು 1979ರಲ್ಲಿ, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಆ ವಯಸ್ಸಿನಲ್ಲಿ ಅಮೆರಿಕವನ್ನೇ ಬರೆದಿರುವಾಗ ನಾನು ಪಾವಗಡವನ್ನಾದರೂ ನೋಡಬಾರದೇ ಅನ್ನಿಸಿತು.

ಬುಧವಾರ ಮಧ್ಯಾಹ್ನ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಲೇಪಾಕ್ಷಿಗೆ ಹೋಗಿಬಂದೆ. ಹದಿನೈದು ಕಿಲೋಮೀಟರ್ ದೂರದ ಊರು. ನೆಂಟರು ಬಂದಾಗ ಕಾರು ಮಾಡಿ ಕಳಿಸುತ್ತೇವೆಯೇ ಹೊರತು ನಾನು ಒಳಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರನ ಗುಡಿ ಅದು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2022ರಲ್ಲಿ ಸೇರಿದೆ. ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಟವೆಲ್ ತೂರಿಸುವವರ ಗುಂಪು ಎಂದಿನಂತೆ ಇತ್ತು. ಊರ ಹೊರಗಿನ ಏಕಶಿಲೆಯ ನಂದಿ ಇಪ್ಪತ್ತೇಳು ಅಡಿ ಉದ್ದ, ಹದಿನೈದು ಅಡಿ ಎತ್ತರ, ಕೊರಳ ಗಂಟೆ ಸರಗಳನ್ನು ಈಗ ತಾನೇ ಪಾಲಿಷ್ ಮಾಡಿದಂತೆ ಕೆತ್ತಿದ್ದಾರೆ. ಇವೆಲ್ಲವನ್ನೂ ಎಲ್ಲರೂ ಬರೆದಿದ್ದಾರೆ. ನಾನು ಬಹಳ ಹೊತ್ತು ನಿಂತದ್ದು ಅಂಗಳದ ಬಂಡೆಯಲ್ಲಿ ಕೊರೆದಿರುವ ತಟ್ಟೆಗಳ ಹತ್ತಿರ. ದೊಡ್ಡ ದುಂಡು ತಟ್ಟೆ, ಅದರೊಳಗೇ ಪಲ್ಯ ಸಾರಿಗೆ ಬಟ್ಟಲುಗಳ ಹಾಗೆ ಗುಳಿಗಳು. ಶಿಲ್ಪಿಗಳು ಇದರಲ್ಲೇ ಊಟ ಮಾಡುತ್ತಿದ್ದರೆಂದು ಕೆಲವರು, ಇಲ್ಲ ಬಣ್ಣ ಕಲಸುತ್ತಿದ್ದರೆಂದು ಕೆಲವರು. ಬಣ್ಣದ ಮಾತು ನನಗೆ ಗೊತ್ತಿಲ್ಲ, ಆದರೆ ಈಗ ನಾವು ಹೋಟೆಲುಗಳಿಗೆ ಮಾರುವ ಖಾನೆ ತಟ್ಟೆಯ ಅಚ್ಚು ಅದೇ. ಹೊಸ ಮಾಡೆಲ್ ಎಂದು ಕಂಪನಿಯವರು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ!

ಗುರುವಾರ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೊರಟೆ. ಈ ಸಲ ಹೋಗಬೇಕಾದ ಕಾರಣ ಬೇರೆ. ಅಕ್ಕ ಒಬ್ಬಳೇ ಇದ್ದಾಳೆ. ಭಾವನವರು ತೀರಿಕೊಂಡು ಆರು ವರ್ಷವಾಯಿತು. ಈ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಕೈಗೆ ಪೆಟ್ಟಾಗಿ ಒಂದೂವರೆ ತಿಂಗಳು ಪಟ್ಟಿ ಹಾಕಿಸಿಕೊಂಡಿದ್ದಳು. ಬೆಂಗಳೂರಿನಲ್ಲಿರುವ ಅವಳ ಮಗ, "ಮಾಮ, ನೀವೇ ಹೇಳಿ ಒಪ್ಪಿಸಬೇಕು, ಮನೆ ಖಾಲಿ ಮಾಡಿಸಿ, ಪಾತ್ರೆಗಳನ್ನೆಲ್ಲ ನೀವೇ ತೂಕಕ್ಕೆ ತೆಗೆದುಕೊಂಡುಬಿಡಿ" ಎಂದು ಫೋನು ಮಾಡಿದ್ದ. ಅವನ ಮಾತೂ ನ್ಯಾಯವೇ.

ಜೇಬಿನಲ್ಲಿ ನೂರು ಪುಟದ ನೋಟ್‌ಪುಸ್ತಕ ಇಟ್ಟುಕೊಂಡು ಕಿಟಕಿ ಪಕ್ಕ ಕೂತೆ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಮೊದಲು ಅನಂತಪುರ ಜಿಲ್ಲೆ. 1882ಕ್ಕೆ ಮುಂಚೆ ಆ ಜಿಲ್ಲೆಯೇ ಇರಲಿಲ್ಲ, ಎಲ್ಲ ಬಳ್ಳಾರಿ. 2022ರ ಏಪ್ರಿಲ್‌ನಿಂದ ನಾವು ಶ್ರೀ ಸತ್ಯಸಾಯಿ ಜಿಲ್ಲೆ, ಅಕ್ಕ ಅನಂತಪುರ ಜಿಲ್ಲೆ. ನಡುವೆ ಪಾವಗಡ ಬರುತ್ತದಲ್ಲ, ಅದು ಕರ್ನಾಟಕ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು. ಹಾಗಾಗಿ ಅಕ್ಕನ ಮನೆಗೆ ಹೋಗುವವನು ಆಂಧ್ರದಿಂದ ಹೊರಟು ಕರ್ನಾಟಕ ದಾಟಿ ಮತ್ತೆ ಆಂಧ್ರಕ್ಕೇ ಇಳಿಯಬೇಕು. ಬೋರ್ಡುಗಳ ಅಕ್ಷರ ತೆಲುಗು, ಕನ್ನಡ, ಪುನಃ ತೆಲುಗು ಆಗುತ್ತದೆ. ಮಾತು ಮಾತ್ರ ಎಲ್ಲ ಕಡೆ ಎರಡೂ. ಬಸ್ಸಿನಲ್ಲಿ ನನ್ನ ಮುಂದೆ ಕೂತ ಅಜ್ಜಿ ಕಂಡಕ್ಟರನ ಹತ್ತಿರ ತೆಲುಗಿನಲ್ಲಿ ಚಿಲ್ಲರೆ ಕೇಳಿ, ಸೊಸೆಯನ್ನು ಕನ್ನಡದಲ್ಲಿ ಬೈದಳು.

ಮಡಕಶಿರಾ ಬೆಟ್ಟದ ಕೋಟೆ ಗೋಡೆ ಬಸ್ಸಿನಿಂದಲೇ ಕಾಣುತ್ತದೆ. ನಲವತ್ತು ವರ್ಷ ಅದು ಅಲ್ಲೇ ಇತ್ತು ಅನ್ನಿ. ಆ ಕಡೆ ಅಮರಾಪುರ. ಅಲ್ಲಿಯ 1278ರ ಶಾಸನದಲ್ಲಿ ನಮ್ಮಂಥ ವ್ಯಾಪಾರಿಯೊಬ್ಬನ ಹೆಸರಿದೆ: ಮಲ್ಲಿಸೆಟ್ಟಿ. ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಎರಡು ಸಾವಿರ ಅಡಿಕೆ ಮರಗಳನ್ನು ಬಿಟ್ಟುಕೊಟ್ಟವನು. ಆ ಆದಾಯದಲ್ಲಿ ಬಸದಿಯನ್ನು ಕಲ್ಲಿನಿಂದ ಕಟ್ಟಬೇಕೆಂದು ಏರ್ಪಾಟು. ಪಿ.ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಈ ಸೀಮೆಯ ಜೈನ ಶಾಸನಗಳನ್ನು ವಿವರಿಸಿದ್ದಾರೆ. ರೊಕ್ಕ ಕೊಡದೆ ಮರ ಕೊಟ್ಟದ್ದು ಜಾಣತನ. ರೊಕ್ಕ ಒಮ್ಮೆ ಖರ್ಚಾಗುತ್ತದೆ, ಮರ ವರ್ಷವರ್ಷವೂ ಕಾಯಿ ಬಿಡುತ್ತದೆ. ಈಗ ಆ ಸೀಮೆಯಲ್ಲಿ ಮಳೆಯನ್ನು ನಂಬಿ ಎರಡು ಸಾವಿರ ಅಡಿಕೆ ಮರ ಇಡುವವರು ಯಾರು? ಕಿಟಕಿಯಾಚೆ ಕಂಡದ್ದು ಕಡಲೆಕಾಯಿ ಕಿತ್ತು ಬಳ್ಳಿ ಒಟ್ಟಿದ್ದ ಹೊಲಗಳು, ಜಾಲಿ, ಕಲ್ಲುಗುಡ್ಡ, ಅಲ್ಲಲ್ಲಿ ಹುಣಿಸೆ ಮರ. ಹುಣಿಸೆ ಮರಗಳನ್ನು ಎಣಿಸುತ್ತಾ ಹೋಗಿ ಎಪ್ಪತ್ತರ ಮೇಲೆ ಲೆಕ್ಕ ತಪ್ಪಿತು.

ಪಾವಗಡದಲ್ಲಿ ಬಸ್ ಬದಲಿಸಿದೆ. ನಿಡುಗಲ್ಲು ದುರ್ಗ ಇದೇ ತಾಲ್ಲೂಕಿನದು. ಅಲ್ಲಿಯೂ 1232ರಲ್ಲಿ ಗಂಗೇಯನ ಮಾರೆಯ ಎಂಬವನು ಪಾರ್ಶ್ವಜಿನನ ಬಸದಿ ಮಾಡಿಸಿದ ಶಾಸನವಿದೆ.

ಇನ್ನು ಕಂಬದೂರು. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಕಂಬದೂರಿನ ಹಳೆಯ ಗುಡಿಗಳಲ್ಲಿ ಜೈನ ಕುರುಹುಗಳಿವೆಯೆಂದು ವಿದ್ವಾಂಸರು ಬರೆದಿದ್ದಾರೆ. ನಮ್ಮ ತಂದೆಯವರು, ಅಲ್ಲಿಯ ಅಕ್ಕಮ್ಮನ ಗುಡಿ ಒಂದು ಕಾಲಕ್ಕೆ ಬಸದಿಯಾಗಿತ್ತು ಎನ್ನುತ್ತಿದ್ದರು. ನಾನು ಅದನ್ನು ಕೇಳಿಕೊಂಡು, ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಸೇರಿದಾಗ "ನಾನೇ ಕಣ್ಣಾರೆ ನೋಡಿದ್ದೇನೆ, ಬಾಗಿಲ ಮೇಲೆ ಜಿನಬಿಂಬವಿದೆ" ಎಂದು ಎಷ್ಟು ಸಲ ಹೇಳಿದ್ದೇನೋ! ನೋಡಿರಲಿಲ್ಲ. ನಲವತ್ತು ವರ್ಷದಲ್ಲಿ ಒಂದು ದಿನವೂ ಆ ಊರಲ್ಲಿ ಬಸ್ ಇಳಿದಿರಲಿಲ್ಲ. ಸತ್ಯಾಣುವ್ರತದ ಪ್ರವಚನ ಕೇಳುವಾಗ ಇದು ನನಗೆ ನೆನಪಿಗೇ ಬರುತ್ತಿರಲಿಲ್ಲ. ಅದರಲ್ಲಿ ಯಾರಿಗೂ ನಷ್ಟವಿಲ್ಲವಲ್ಲ ಎಂದು ಮನಸ್ಸು ಬದಿಗೆ ಸರಿಸಿತ್ತು.

ಈ ಸಲ ಇಳಿದೆ. ದಾರಿ ಕೇಳಿಕೊಂಡು ಬಿಸಿಲಲ್ಲಿ ನಡೆದೆ. ಬಾಗಿಲಿಗೆ ಬೀಗ. ಕೀಲಿ ಇಟ್ಟುಕೊಂಡವರು ಹೊಲಕ್ಕೆ ಹೋಗಿದ್ದಾರೆ, ಸಾಯಂಕಾಲ ಬರುತ್ತಾರೆ ಎಂದು ಆಡು ಕಾಯುವ ಹುಡುಗ ಹೇಳಿದ. ಸಾಯಂಕಾಲದವರೆಗೆ ನಿಂತರೆ ಸೂರ್ಯಾಸ್ತದೊಳಗೆ ಅಕ್ಕನ ಮನೆ ಸೇರಿ ಊಟ ಮಾಡುವಂತಿಲ್ಲ. ಹಾಗಾಗಿ ನಾನು ಕಂಡದ್ದು ಕಲ್ಲಿನ ಗೋಡೆ, ಒಂದು ಬೀಗ ಮತ್ತು ಆರು ಆಡುಗಳು. ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಕಂಬದೂರಿನ ಕಡೆಯವರೇ ಆದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರನ್ನು ನೆನೆದುಕೊಂಡು ಬಸ್ ಸ್ಟಾಪಿಗೆ ವಾಪಸು ಬಂದೆ. 1893ರಲ್ಲಿ ರಾಳ್ಳಪಲ್ಲಿ ಎಂಬ ಹಳ್ಳಿಯಲ್ಲಿ ಹುಟ್ಟಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿ, ಸಂಗೀತದಲ್ಲೂ ಕನ್ನಡದಲ್ಲೂ ಹೆಸರು ಮಾಡಿದವರು. ಗಡಿಯ ಮಣ್ಣಿನ ಗುಣ ಅದು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ತಡ ಯಾಕಾಯ್ತು ತಮ್ಮಾ, ಅನ್ನ ಆರಿಹೋಯ್ತು" ಎಂದಳು. ಎಡಗೈಯಲ್ಲೇ ಬಡಿಸಲು ಬಂದವಳನ್ನು ಕೂರಿಸಿ ನಾನೇ ಬಡಿಸಿಕೊಂಡೆ. ಹೊತ್ತು ಮುಳುಗಲು ಇನ್ನೂ ಕಾಲು ಗಂಟೆ ಇತ್ತು.

ಶುಕ್ರವಾರ ಬೆಳಿಗ್ಗೆ ಪೂಜೆಯಾದ ಮೇಲೆ ನಾನು ಬಂದ ವಿಷಯ ತೆಗೆಯುವ ಮೊದಲೇ ಅವಳು ಅಟ್ಟದ ಪಾತ್ರೆಗಳನ್ನೆಲ್ಲ ಪಕ್ಕದ ಮನೆ ಹುಡುಗನಿಂದ ಇಳಿಸಿ ಹಜಾರದಲ್ಲಿ ಜೋಡಿಸಿಸಿದ್ದಳು. ಹಂಡೆ ಎರಡು, ಕೊಳಗ, ಬಿಂದಿಗೆಗಳು, ತಪ್ಪಲೆ, ನೀರು ಸೋಸುವ ಕೊಡ, ಚೊಂಬುಗಳು. "ತೂಗು, ಅದಕ್ಕೇ ತಾನೆ ನನ್ನ ಮಗ ನಿನ್ನ ಕಳಿಸಿರೋದು" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಚೀಲದಿಂದ ತೂಕದ ಕೊಕ್ಕೆ ತೆಗೆದೆ. ಅಂಗಡಿಯವನಿಗೆ ನಾಚಿಕೆ ಕಡಿಮೆ. ಒಂದೊಂದೇ ತೂಗಿ ಬರೆಯುತ್ತಾ ಹೋದೆ. ಗುಜರಿ ಹಿತ್ತಾಳೆಗೆ ಇಂತಿಷ್ಟು, ತಾಮ್ರಕ್ಕೆ ಇಂತಿಷ್ಟು ಎಂದು ಬಾಯಲ್ಲೇ ಲೆಕ್ಕ ಹೇಳಿದೆ.

ಚಿಕ್ಕ ಹಂಡೆಯನ್ನು ಕೊಕ್ಕೆಗೆ ಹಾಕಿದಾಗ ಅವಳು ಕೇಳಿದಳು: "ತೂಕದಲ್ಲಿ ಅಪ್ಪನ ಅಕ್ಷರಾನೂ ಸೇರ್ತೇನೋ?"

ತಿರುಗಿಸಿ ನೋಡಿದೆ. ಕಂಠದ ಕೆಳಗೆ ಅವಳ ಹೆಸರು, ಊರು, 1965 ಎಂಬ ಇಸವಿ. ಈಗಿನಂತೆ ಮೆಷಿನ್ನಿನಲ್ಲಿ ಕೊರೆದದ್ದಲ್ಲ. ಆಗೆಲ್ಲ ಅಪ್ಪ ಸಣ್ಣ ಉಳಿ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಬಡಿದು ಹೆಸರು ಹಾಕುತ್ತಿದ್ದರು. 'ಕಲ್ಯಾಣದುರ್ಗ' ಎಂಬಲ್ಲಿ ದೀರ್ಘ ಬಿಟ್ಟುಹೋಗಿ 'ಕಲ್ಯಣದುರ್ಗ' ಆಗಿದೆ. ಮದುವೆಯ ಹಿಂದಿನ ರಾತ್ರಿ ಲಾಂದ್ರದ ಬೆಳಕಿನಲ್ಲಿ ಬಡಿದದ್ದು. ಲಾಂದ್ರ ಹಿಡಿದಿದ್ದವನು ನಾನು, ಏಳು ವರ್ಷದವನು. ನಿದ್ದೆ ತೂಗಿ ಲಾಂದ್ರ ಅಲ್ಲಾಡಿಸಿದೆನೆಂದು ಬೈಸಿಕೊಂಡದ್ದು ನನಗೆ ನೆನಪಿದೆ. ಆ ದೀರ್ಘ ಹೋದದ್ದು ಆಗಲೇ ಇರಬೇಕು. ನಲವತ್ತು ವರ್ಷ ಈ ಮನೆಗೆ ಬಂದು ಊಟ ಮಾಡಿ ಹೋಗಿದ್ದೇನೆ, ಆ ಹಂಡೆಯ ನೀರಲ್ಲೇ ಸ್ನಾನ ಮಾಡಿದ್ದೇನೆ, ಒಂದು ದಿನವೂ ಅದನ್ನು ಓದಿರಲಿಲ್ಲ.

ನಾನು ಕೊಕ್ಕೆ ಕೆಳಗಿಟ್ಟೆ. ಆಮೇಲೆ ಇಬ್ಬರೂ ಕೂತು ಮಾತಾಡಿದೆವು. ಅವಳಿಗೆ ಬೆಂಗಳೂರಿನ ಮೇಲೆ ಸಿಟ್ಟಿಲ್ಲ, ಮಗ ಸೊಸೆಯ ಮೇಲೂ ಇಲ್ಲ. "ಅಲ್ಲಿ ನನ್ನ ಕೆಲಸ ಏನು ಹೇಳು. ಏಳನೇ ಅಂತಸ್ತು. ಸಂಜೆ ಐದಕ್ಕೆ ಅಡುಗೆ ಆಗಬೇಕು ಅಂತ ಆ ಹುಡುಗಿಗೆ ಎಷ್ಟು ದಿನ ಹೇಳಲಿ, ಅವಳು ಆಫೀಸಿಂದ ಬರೋದೇ ಏಳಕ್ಕೆ" ಎಂದಳು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಬಿದ್ದ ಕೈಯ ಮಾತಿಗೆ ಅವಳ ಬಳಿಯೂ ಉತ್ತರವಿರಲಿಲ್ಲ. ಕಡೆಗೆ ಹೀಗೆ ಒಪ್ಪಂದವಾಯಿತು: ದೀಪಾವಳಿಯ ನಿರ್ವಾಣ ಪೂಜೆ ಇಲ್ಲಿಯೇ ಮುಗಿಸಿ ಬೆಂಗಳೂರಿಗೆ ಹೋಗುವುದು, ಯುಗಾದಿಯವರೆಗೆ ಇದ್ದು ನೋಡುವುದು. ಮನೆ ಖಾಲಿ ಮಾಡುವುದಿಲ್ಲ. ಕೀಲಿ ಪಕ್ಕದ ಮನೆಯವರ ಹತ್ತಿರ. ಪಾತ್ರೆಗಳು ವಾಪಸು ಅಟ್ಟಕ್ಕೆ. ಫೋನಿನಲ್ಲಿ ಇದನ್ನು ಕೇಳಿ ಅವಳ ಮಗನಿಗೆ ಬೇಸರವಾಯಿತು, "ನೀವೂ ಅವರ ಕಡೆಗೇ ಸೇರಿಬಿಟ್ರಾ ಮಾಮ" ಎಂದ. ಸೇರಿದ್ದು ನಿಜ. ಸರಿಯೋ ತಪ್ಪೋ ಯುಗಾದಿಗೆ ಗೊತ್ತಾಗುತ್ತದೆ. ಬಚ್ಚಲಿಗೆ ಹಿಡಿ ಸರಳು ಹಾಕಿಸಿ, ಜಾರದ ಕಲ್ಲು ಹಾಸಲು ಮೇಸ್ತ್ರಿಗೆ ಮುಂಗಡ ಕೊಟ್ಟೆ.

ಸಂಜೆ ಒಂದು ಹಳೆಯ ಬಾಕಿ ಕೇಳಲು ಬಜಾರಿಗೆ ಹೋದರೆ ಆ ಅಂಗಡಿ ಮೊಬೈಲ್ ರಿಪೇರಿ ಅಂಗಡಿಯಾಗಿತ್ತು. ಆ ಖಾತೆಗೆ ಅಡ್ಡಗೆರೆ ಎಳೆದೆ.

ಶನಿವಾರ ವಾಪಸು. ಚಿಕ್ಕ ಹಂಡೆಯನ್ನು ಅಕ್ಕ ನನಗೇ ಕೊಟ್ಟಳು, ತಳದಲ್ಲಿ ಸೋರುತ್ತದೆ, ಬೆಸುಗೆ ಹಾಕಿಸಿಕೊಂಡು ಬಾ ಎಂದು. ತೊಡೆಯ ಮೇಲಿಟ್ಟುಕೊಂಡು ಕೂತೆ. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗುವವರಿಂದ ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿ ಕೂತ ರೈತರು ತಿರುಮಣಿ ಕಡೆಯವರು, ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರು. ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಹಬ್ಬಿರುವ, 2018ರಲ್ಲಿ ಉದ್ಘಾಟನೆಯಾದ ಆ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್. ಸರ್ಕಾರ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆಯಿತು. "ಕಡಲೆಕಾಯಿಯಲ್ಲಿ ಇಷ್ಟು ಯಾವತ್ತೂ ಉಳಿದಿರಲಿಲ್ಲ, ಆದರೆ ಈಗ ಬೆಳಿಗ್ಗೆ ಎದ್ದರೆ ಹೋಗೋಕೆ ಹೊಲ ಇಲ್ಲ ಸೆಟ್ರೇ" ಎಂದರು. ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ ಎಂಬುದನ್ನೂ ಅವರೇ ಹೇಳಿದರು. ಮಾತಿನ ನಡುವೆ ಹಂಡೆಯ ಅಕ್ಷರ ಓದಿ, "ಇದರಲ್ಲಿ ದೀರ್ಘ ಬಿಟ್ಟವ್ರೆ" ಎಂದು ತೋರಿಸಿದರು. ಗೊತ್ತು ಎಂದೆ.

ಭಾನುವಾರ ಆ ಹುಡುಗಿ ಕೊಟ್ಟುಹೋಗಿದ್ದ ನಂಬರಿಗೆ ಫೋನು ಮಾಡಿ ದಾರಿಯಲ್ಲಿ ಏನೇನಿದೆ ಎಂದು ಪುಸ್ತಕ ನೋಡಿ ಹೇಳಿದೆ. ಅವಳು ಕೇಳಿಸಿಕೊಂಡು, "ಇದನ್ನು ನಾನು ಬರೆಯುವಂತಿಲ್ಲ ಸಾರ್, ನೀವು ಕಂಡದ್ದು, ನೀವೇ ಬರೆಯಬೇಕು" ಎಂದಳು. ಆ ಮಾತಿನ ಮೇಲೆಯೇ ಇಷ್ಟು ಬರೆದದ್ದು. ಸಂಪಾದಕರು ನಾನು ಸಂಭಾವನೆ ಕೇಳಬಹುದೆಂದು ಗಾಬರಿಯಾಗಬೇಕಿಲ್ಲ. ಬಸ್ ಚಾರ್ಜು ನನ್ನದು, ಊಟ ವಸತಿ ಮಾತ್ರ ಅಕ್ಕನ ಮನೆಯಲ್ಲಿ ಪುಕ್ಕಟೆಯಾಗಿ ಆಯಿತು, ಆ ಹುಡುಗಿ ಹೇಳಿದಂತೆ ಅದನ್ನೂ ಇಲ್ಲಿ ತಿಳಿಸಿದ್ದೇನೆ.

ಈ ದಾರಿಯಲ್ಲಿ ಹೋಗುವ ಬಂಧುಗಳು ನೀರು, ಬುತ್ತಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಹೊತ್ತಿಗೆ ಸಿಕ್ಕೀತೆಂದು ಹೇಳಲಾರೆ. ಹಂಡೆಗೆ ಬೆಸುಗೆ ಆಗಿದೆ. ದೀಪಾವಳಿಗೆ ನಾಲ್ಕು ದಿನ ಮುಂಚೆ ಅದನ್ನು ತಲುಪಿಸಲು ಹೋಗುತ್ತೇನೆ. ಕಂಬದೂರಿನ ಗುಡಿಯ ಕೀಲಿ ಯಾವ ಹೊತ್ತಿಗೆ ಸಿಗುತ್ತದೆಂದು ಆ ಕಡೆಯ ಓದುಗರು ಯಾರಾದರೂ ಅಷ್ಟರೊಳಗೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಉಪಕಾರವಾಗುತ್ತದೆ.